ಸೋತ ಹುಂಜಕ್ಕೆ ಹೋಗಲು ಜಾಗವಿರಬೇಕು

ಮೊಟ್ಟೆಯೊಡೆದು ಬರುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹಿಂಡಿಗೆ ಬೇಕಾಗುವುದು ಮಾತ್ರ ಎಂಟು ಹತ್ತು ಹೇಂಟೆಗೆ ಒಂದೇ ಹುಂಜ. ಮನೆಯಲ್ಲೇ ಮರಿ ಮಾಡಿಸುವ ಎಲ್ಲರಿಗೂ ಈ ಲೆಕ್ಕ ಒಂದಲ್ಲ ಒಂದು ದಿನ ಎದುರಾಗುತ್ತದೆ. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಎಳೆ ಹುಂಜಗಳೆಲ್ಲ ಕೂಗಲು ಶುರುಮಾಡಿರುತ್ತವೆ, ಹೇಂಟೆಗಳ ಬೆನ್ನಿನ ಗರಿ ಕಿತ್ತುಹೋಗಿರುತ್ತದೆ, ಹಿರಿಯ ಹುಂಜ ದಿನವಿಡೀ ಎಳೆಯವನ್ನು ಅಟ್ಟುವುದರಲ್ಲೇ ಸೋತುಹೋಗಿರುತ್ತದೆ. ಹೆಚ್ಚಾದವನ್ನು ಮಾರಬಹುದು, ಮಾಂಸಕ್ಕೆ ಕಳಿಸಬಹುದು. ಮೊಟ್ಟೆ ತಳಿಯ ದೊಡ್ಡ ಮರಿಕೇಂದ್ರಗಳಲ್ಲಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ರೂಢಿ ಬಂದದ್ದೂ ಇದೇ ಲೆಕ್ಕದಿಂದ. ಅವು ಮೊಟ್ಟೆ ಇಡುವುದಿಲ್ಲ, ಮಾಂಸದ ತಳಿಗಳಷ್ಟು ಬೇಗ ಮೈ ಕಟ್ಟುವುದೂ ಇಲ್ಲ. ಮಾರುವುದೂ ಬೇಡ, ಮಾಂಸಕ್ಕೆ ಕಳಿಸುವುದೂ ಬೇಡ ಅನ್ನುವವರಿಗೆ ಮೂರನೆಯ ದಾರಿಯೊಂದಿದೆ. ಹೇಂಟೆಗಳೇ ಇಲ್ಲದ ಕಡೆ ಹುಂಜಗಳನ್ನಷ್ಟೇ ಒಂದು ಗುಂಪಾಗಿ ಸಾಕುವುದು.

ಎರಡು ಹುಂಜ ಒಂದೇ ಗೂಡಿನಲ್ಲಿ ಬಾಳುವುದಿಲ್ಲ ಎಂದು ಹೇಳುವವರು ಬಹಳ. ಅವರು ಕಂಡದ್ದು ಸುಳ್ಳಲ್ಲ. ಆದರೆ ಅವರು ಕಂಡ ಹೆಚ್ಚಿನ ಜಗಳಗಳಲ್ಲಿ ಎರಡು ಸಂಗತಿ ಇದ್ದೇ ಇರುತ್ತವೆ. ಒಂದು, ಹತ್ತಿರದಲ್ಲಿ ಹೇಂಟೆ. ಇನ್ನೊಂದು, ಸೋತ ಹುಂಜಕ್ಕೆ ಓಡಿಹೋಗಲು ಜಾಗವಿಲ್ಲದಿರುವುದು. ಹುಂಜಗಳ ಜಗಳಕ್ಕೆ ಸಹಜವಾದ ಕೊನೆಯೊಂದಿದೆ. ಒಂದು ಹುಂಜ ತಲೆ ತಗ್ಗಿಸಿ, ಮೈ ಕುಗ್ಗಿಸಿ, ತಿರುಗಿ ನಡೆದರೆ ಗೆದ್ದದ್ದು ನಾಲ್ಕು ಹೆಜ್ಜೆ ಅಟ್ಟಿ ನಿಂತುಬಿಡುತ್ತದೆ. ಆ ನಾಲ್ಕು ಹೆಜ್ಜೆಗೆ ಜಾಗವಿಲ್ಲದೆ ಸೋತದ್ದು ಮೂಲೆಗೆ ಸಿಕ್ಕಿಬಿದ್ದರೆ, ಗೆದ್ದ ಹುಂಜದ ಕಣ್ಣಿಗೆ ಅದು ಇನ್ನೂ ಎದುರು ನಿಂತಿದೆ ಎಂದೇ ಕಾಣುತ್ತದೆ. ರಕ್ತ ಬರುವುದು ಆಗ. ಜಾಗ, ಗೂಡು, ಮೇವು, ಹೊಸಬರ ಸೇರ್ಪಡೆ, ಹೀಗೆ ಮುಂದೆ ಬರುವ ಏರ್ಪಾಡುಗಳೆಲ್ಲ ಸುತ್ತಿ ಬಳಸಿ ಈ ಒಂದು ವಿಷಯಕ್ಕೇ ಬರುತ್ತವೆ.

ಕೋಳಿಗಳ ನಡುವಿನ ಮೇಲುಕೀಳಿನ ಸರದಿಯನ್ನು ಮೊದಲು ವಿವರವಾಗಿ ದಾಖಲಿಸಿದವರು ನಾರ್ವೆಯ ತೋರ್ಲೇಫ್ ಶೆಲ್ದರುಪ್-ಎಬ್ಬೆ, 1921ರಲ್ಲಿ. ಯಾರು ಯಾರನ್ನು ಕುಕ್ಕಬಹುದು ಎಂಬುದು ಒಮ್ಮೆ ತೀರ್ಮಾನವಾದರೆ ಪ್ರತಿದಿನ ಹೊಸದಾಗಿ ಕಾದಾಡಬೇಕಿಲ್ಲ. ಕೆಳಗಿನದು ದಾರಿ ಬಿಡುತ್ತದೆ, ಮೇಲಿನದು ಮುಂದೆ ಹೋಗುತ್ತದೆ. ಹುಂಜಗಳಿಗೂ ಹೇಂಟೆಗಳಿಗೂ ಈ ಸರದಿ ಬೇರೆ ಬೇರೆ. ಹಾಗಾಗಿ ಹುಂಜಗಳು ಮಾತ್ರ ಇರುವ ಗುಂಪಿನಲ್ಲೂ ಸರದಿ ಪೂರ್ತಿಯಾಗಿಯೇ ನಿಲ್ಲುತ್ತದೆ. ಪಣಕ್ಕೆ ಹೇಂಟೆ ಇಲ್ಲದಿರುವುದರಿಂದ ಅದನ್ನು ಮುರಿಯುವ ಆತುರವೂ ಕಡಿಮೆ. ಕಾಡುಕೋಳಿಗಳಲ್ಲಿಯೂ ಹೇಂಟೆ ಸಿಗದ ಎಳೆಯ ಹುಂಜಗಳು ಒಂಟಿಯಾಗಿಯೋ ಸಣ್ಣ ಗುಂಪಾಗಿಯೋ ತಿರುಗುತ್ತವೆ. ಆದರೆ ಅಲ್ಲಿ ಕಾಡಿಗೆ ಬೇಲಿ ಇಲ್ಲ. ಬೇಲಿ ಹಾಕುವವರು ನಾವು. ಬೇಲಿಯೊಳಗೆ ಕಾಡಿನ ಆ ಒಂದು ಗುಣವನ್ನು ತಂದುಕೊಡುವ ಹೊಣೆಯೂ ನಮ್ಮದೇ.

ಗುಂಪು ಕಟ್ಟಲು ಎಲ್ಲಕ್ಕಿಂತ ಸುಲಭವಾದದ್ದು ಒಟ್ಟಿಗೆ ಬೆಳೆದ ಮರಿಗಳು. ಒಂದೇ ಕಾವಿನಲ್ಲಿ ಹುಟ್ಟಿ ಒಟ್ಟಿಗೇ ಬೆಳೆದವು ಮೂರು ವಾರದಿಂದಲೇ ಎದೆಗೆ ಎದೆ ತಾಗಿಸಿ ಆಟದ ಜಗಳ ಆಡುತ್ತಿರುತ್ತವೆ, ಸರದಿಯ ಬಹುಪಾಲು ಆಗಲೇ ಗೊತ್ತಾಗಿರುತ್ತದೆ. ಅವನ್ನು ಹೇಂಟೆಮರಿಗಳಿಂದ ಬೇರೆ ಮಾಡಲು ಹತ್ತರಿಂದ ಹನ್ನೆರಡನೆಯ ವಾರ ಒಳ್ಳೆಯ ಸಮಯ. ಜುಟ್ಟು ಕೆಂಪಾಗಿ, ಕುತ್ತಿಗೆಯ ಹತ್ತಿರ ಚೂಪು ತುದಿಯ ಗರಿ ಕಾಣುವ ಹೊತ್ತಿಗೆ ಗಂಡು ಯಾವುದು ಎಂಬ ಅನುಮಾನ ಉಳಿದಿರುವುದಿಲ್ಲ, ಹೇಂಟೆ ಏರುವ ಚಟವೂ ಇನ್ನೂ ಹತ್ತಿರುವುದಿಲ್ಲ. ಒಮ್ಮೆ ಹೇಂಟೆಗಳ ಜೊತೆ ಯಜಮಾನನಾಗಿ ಇದ್ದ ಹುಂಜವನ್ನು ತಂದು ಸೇರಿಸುವುದು ಇದಕ್ಕಿಂತ ಬಹಳ ಕಷ್ಟ. ಆಗದ ಕೆಲಸವಲ್ಲ, ಆದರೆ ವಾರಗಟ್ಟಲೆ ತಾಳ್ಮೆ ಬೇಕು.

ತಳಿಯ ವಿಷಯದಲ್ಲಿ ನನ್ನ ಮಾತು ಖಚಿತ. ಅಸೀಲ್, ಮಲಯ ಮುಂತಾದ ಕಾಳಗದ ತಳಿಗಳನ್ನು ಇಂಥ ಗುಂಪಿಗೆ ಹಾಕಬೇಡಿ. ಸೋತಾಗ ತಿರುಗಿ ನಡೆಯುವ ಗುಣವನ್ನೇ ಅವುಗಳಲ್ಲಿ ತಲೆತಲಾಂತರದಿಂದ ಆರಿಸಿ ಆರಿಸಿ ತೆಗೆದುಹಾಕಲಾಗಿದೆ. ಎಷ್ಟೇ ಜಾಗ ಕೊಟ್ಟರೂ ಅವು ಅದನ್ನು ಬಳಸಿಕೊಳ್ಳುವುದಿಲ್ಲ. ಬ್ರಹ್ಮಾ, ಕೊಚಿನ್, ಆರ್ಪಿಂಗ್ಟನ್, ಸಿಲ್ಕಿಯಂಥವು ಸಾಮಾನ್ಯವಾಗಿ ಸಮಾಧಾನದವು. ಮಿಶ್ರ ತಳಿಯ ಹುಂಜಗಳನ್ನು ಒಂದೊಂದಾಗಿ ನೋಡಿಯೇ ತೀರ್ಮಾನಿಸಬೇಕು. ಮೈತೂಕದಲ್ಲಿ ಬಹಳ ವ್ಯತ್ಯಾಸ ಇರುವವನ್ನು, ಉದಾಹರಣೆಗೆ ಗಿಡ್ಡ ಮೈಯ ಬ್ಯಾಂಟಮ್ ಹುಂಜವನ್ನೂ ನಾಲ್ಕು ಕಿಲೋ ತೂಗುವ ಹುಂಜವನ್ನೂ, ಒಂದೇ ಕಡೆ ಬಿಡದಿರುವುದು ಒಳ್ಳೆಯದು. ಸಿಲ್ಕಿಯಂತೆ ತಲೆಯ ಗರಿ ಕಣ್ಣಿಗೆ ಅಡ್ಡ ಬರುವ ತಳಿಗಳಿಗೆ ಪಕ್ಕದಿಂದ ಬರುವ ಎದುರಾಳಿ ಕಾಣುವುದೇ ಇಲ್ಲ, ಆ ಗರಿಯನ್ನು ಆಗಾಗ ಕತ್ತರಿಸಬೇಕು.

ಈಗ ಜಾಗ. ಹೇಂಟೆಗಳಿಗೆ ಸಾಮಾನ್ಯವಾಗಿ ಹೇಳುವ ಅಳತೆ ಗೂಡಿನೊಳಗೆ ತಲಾ 4 ಚದರ ಅಡಿ, ಹೊರಗೆ 10. ಹುಂಜಗಳ ಗುಂಪಿಗೆ ಇದು ಸಾಲದು. ಒಳಗೆ ತಲಾ 6, ಹೊರಗೆ ಕನಿಷ್ಠ 30 ಚದರ ಅಡಿ ಇಟ್ಟುಕೊಳ್ಳಿ. ಎಂಟು ಹುಂಜಕ್ಕೆ 12 ಅಡಿ ಅಗಲ, 20 ಅಡಿ ಉದ್ದದ ಬೇಲಿ ಎಂದಾಯಿತು. ಇನ್ನೂ ಹೆಚ್ಚಿದ್ದಷ್ಟೂ ನಿಮ್ಮ ಕೆಲಸ ಹಗುರ. ಆದರೆ ಬರೀ ಅಗಲವಾದ ಬೋಳು ಬಯಲು ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಸೋತದ್ದು ಎಲ್ಲಿ ಹೋದರೂ ಗೆದ್ದದ್ದಕ್ಕೆ ಕಾಣುತ್ತಲೇ ಇರುತ್ತದೆ. ಅಟ್ಟಿಕೊಂಡು ಹೋಗುವುದು ನಿಲ್ಲುವುದು ಕಣ್ಣಿಗೆ ಮರೆಯಾದಾಗ. ಆದ್ದರಿಂದ ಆರೆಂಟು ಅಡಿಗೊಂದು ಮರೆ ಬೇಕು. ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಹಲಗೆಯನ್ನು ಎರಡು ಗೂಟಕ್ಕೆ ಹೊಡೆದು ನಿಲ್ಲಿಸಿದರೂ ಸಾಕು. ಪೊದೆ, ಮರದ ಬೊಡ್ಡೆ, ನಿಲ್ಲಿಸಿದ ಪ್ಯಾಲೆಟ್, ಯಾವುದೂ ಆದೀತು. ಒಂದೇ ನಿಯಮ: ಮರೆಯ ಎರಡೂ ತುದಿ ತೆರೆದಿರಬೇಕು. ಹಲಗೆಯನ್ನು ಬೇಲಿಗೆ ತಾಗಿಸಿ ಇಟ್ಟರೆ ನೀವು ಕೊಟ್ಟದ್ದು ಮರೆಯಲ್ಲ, ಒಂದು ಬೋನು.

ಬೇಲಿಯ ಮೂಲೆಗಳೂ ಹಾಗೆಯೇ ಅಪಾಯದವು. ಪ್ರತಿ ಮೂಲೆಗೂ ಓರೆಯಾಗಿ ಒಂದು ಹಲಗೆಯನ್ನೋ ಜಾಲರಿಯನ್ನೋ ಹೊಡೆದು ಅದನ್ನು ಮೊಂಡು ಮಾಡಿದರೆ, ಬೇಲಿಯ ಗುಂಟ ಓಡುವ ಹುಂಜ ನಿಲ್ಲದೆ ತಿರುಗಿಕೊಳ್ಳುತ್ತದೆ. ಗೂಡಿಗೆ ಎದುರುಬದುರು ಗೋಡೆಗಳಲ್ಲಿ ಎರಡು ಕಿಂಡಿಬಾಗಿಲು ಇರಲಿ, ತಲಾ 12 ಅಂಗುಲ ಅಗಲ, 16 ಅಂಗುಲ ಎತ್ತರ. ಒಂದೇ ಬಾಗಿಲಿದ್ದರೆ ಅದರ ಎದುರು ಮೇಲಿನ ಹುಂಜ ನಿಂತುಬಿಟ್ಟರೆ ಮುಗಿಯಿತು, ಕೆಳಗಿನವು ಒಳಗೇ ಉಳಿದು ದಿನವಿಡೀ ಮೇವು ನೀರಿಲ್ಲದೆ ಇರುತ್ತವೆ. ಇದು ಹೊರಗಿನಿಂದ ನೋಡುವವರಿಗೆ ಜಗಳವಾಗಿ ಕಾಣುವುದೇ ಇಲ್ಲ, ಆದ್ದರಿಂದಲೇ ಬಹಳ ತಡವಾಗಿ ಗೊತ್ತಾಗುತ್ತದೆ.

ರಾತ್ರಿ ಕೂರುವ ಕೋಲುಗಳನ್ನು ಮೆಟ್ಟಿಲಿನಂತೆ ಏರಿಸಿ ಕಟ್ಟುವುದು ರೂಢಿ. ಹುಂಜಗಳಿಗೆ ಅದು ಬೇಡ. ಎತ್ತರದ ಕೋಲು ಎಂದರೆ ಎತ್ತರದ ಸ್ಥಾನ, ದಿನಾ ಸಂಜೆ ಅದಕ್ಕಾಗಿ ತಳ್ಳಾಟ. ಎಲ್ಲ ಕೋಲುಗಳೂ ಒಂದೇ ಎತ್ತರದಲ್ಲಿ, ಎರಡು ಅಡಿಯ ಆಸುಪಾಸಿನಲ್ಲಿ ಇರಲಿ. ಭಾರದ ತಳಿಗಳಿಗೆ ಒಂದೂವರೆ ಅಡಿ ಸಾಕು, ಅದಕ್ಕಿಂತ ಮೇಲಿಂದ ದಿನಾ ಧುಮುಕಿದರೆ ಅಂಗಾಲು ಬಿರಿದು ಕೀವು ಕಟ್ಟುತ್ತದೆ. ತಲಾ ಒಂದು ಅಡಿ ಉದ್ದದ ಲೆಕ್ಕ ಹಾಕಿ, ಇನ್ನೆರಡು ಹುಂಜಕ್ಕಾಗುವಷ್ಟು ಹೆಚ್ಚುವರಿ ಕೋಲು ಇಡಿ. ಎರಡು ಅಂಗುಲ ಅಗಲದ, ಅಂಚು ಉಜ್ಜಿ ನುಣುಪು ಮಾಡಿದ ಪಟ್ಟಿ ಮರ ಪಾದಕ್ಕೆ ಒಳ್ಳೆಯದು.

ಹೇಂಟೆಗಳು ಕಣ್ಣಿಗೆ ಬೀಳಬಾರದು. ಬೇಲಿಯ ಆಚೆ ಹೇಂಟೆಗಳು ಓಡಾಡುತ್ತಿದ್ದರೆ, ಈಚೆ ಇರುವ ಹುಂಜಗಳಿಗೆ ಹೇಂಟೆಗಳಿಲ್ಲದ ಗುಂಪಿನ ಯಾವ ಅನುಕೂಲವೂ ಸಿಗುವುದಿಲ್ಲ. ಜಾಲರಿಯ ಬದಿಯಲ್ಲಿ ಸಾಲಾಗಿ ನಿಂತು, ಪಕ್ಕದ್ದನ್ನು ಕುಕ್ಕುತ್ತಾ ದಿನ ಕಳೆಯುತ್ತವೆ. ಮನೆಯ ಇನ್ನೊಂದು ಬದಿಗೆ ಗೂಡು ಕಟ್ಟಲಾದರೆ ಅದೇ ಮೇಲು. ಆಗದಿದ್ದರೆ ಆ ಬದಿಯ ಬೇಲಿಗೆ ನಾಲ್ಕು ಅಡಿ ಎತ್ತರದವರೆಗೆ ತಗಡು, ಹಲಗೆ ಅಥವಾ ದಪ್ಪ ಶೇಡ್‌ನೆಟ್ ಕಟ್ಟಿ. ಹೇಂಟೆ ಮೊಟ್ಟೆಯಿಟ್ಟ ಮೇಲೆ ಕೂಗುವ ಸದ್ದು ಕೇಳಿದರೂ ಕೆಲವು ಹುಂಜಗಳು ಚಡಪಡಿಸುತ್ತವೆ, ಆದರೆ ಸದ್ದಿಗಿಂತ ನೋಟ ಹತ್ತು ಪಟ್ಟು ಕೆಟ್ಟದ್ದು. ಬೇರೆ ಗುಂಪಿನ ಹುಂಜ ಬೇಲಿಯಾಚೆ ಕಂಡರೂ ಇದೇ ಕಥೆ. ಜಾಲರಿಯ ಎರಡೂ ಬದಿಯಿಂದ ಹಾರಿ ಹಾರಿ ಹೊಡೆದುಕೊಂಡು ಜುಟ್ಟು, ಉಗುರು ಹರಿದುಕೊಳ್ಳುತ್ತವೆ.

ಮೇವಿನ ಪಾತ್ರೆ ಮೂರು ಹುಂಜಕ್ಕೆ ಒಂದು, ಅದರ ಮೇಲೆ ಇನ್ನೊಂದು ಹೆಚ್ಚು. ಎಂಟಕ್ಕೆ ನಾಲ್ಕು. ಒಂದರಿಂದ ಇನ್ನೊಂದು ಕಾಣದಂತೆ, ನಡುವೆ ಮರೆ ಬರುವಂತೆ ಇಡಬೇಕು. ಇಲ್ಲದಿದ್ದರೆ ಒಂದೇ ಹುಂಜ ಎರಡು ಪಾತ್ರೆಗೂ ಕಾವಲು ನಿಲ್ಲುತ್ತದೆ. ನೀರಿಗೂ ಇದೇ ಲೆಕ್ಕ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತೇ ದಿನದಲ್ಲಿ ಜಗಳದ ಬಿಸಿ ಹೆಚ್ಚಿರುವ ಹೊತ್ತು. ಆದ್ದರಿಂದ ತೆರೆಯುವ ಮುಂಚೆಯೇ ಒಂದೆರಡು ಹಿಡಿ ಕಾಳನ್ನು ಬೇಲಿಯ ಉದ್ದಕ್ಕೂ ಎರಚಿ, ಆಮೇಲೆ ಎರಡೂ ಬಾಗಿಲು ಒಟ್ಟಿಗೆ ತೆರೆಯಿರಿ. ತಲೆ ನೆಲಕ್ಕೆ ಬಗ್ಗಿರುವ ಹುಂಜಗಳು ಹೊಡೆದಾಡುವುದಿಲ್ಲ.

ಯಾವ ಮೇವು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಮೊಟ್ಟೆ ಕೋಳಿಗಳ ಫೀಡಿನಲ್ಲಿ ಚಿಪ್ಪು ಕಟ್ಟಲೆಂದು ಶೇಕಡ 3.5ರಿಂದ 4.5ರಷ್ಟು ಕ್ಯಾಲ್ಸಿಯಂ ಇರುತ್ತದೆ. ಹುಂಜಕ್ಕೆ ಬೇಕಾದದ್ದು ಶೇಕಡ 1ರ ಆಸುಪಾಸು. ಹೆಚ್ಚಿನದನ್ನು ಮೂತ್ರಪಿಂಡ ಹೊರಹಾಕಬೇಕು. ವರ್ಷಗಟ್ಟಲೆ ಇದು ನಡೆದರೆ ಮೂತ್ರಪಿಂಡ ಕೆಟ್ಟು, ಮೈಯೊಳಗೆ ಯೂರಿಕ್ ಆಮ್ಲ ಕಟ್ಟಿಕೊಳ್ಳಬಹುದು. ಬೆಳೆಯುವ ಕೋಳಿಗಳಿಗೆ ಹಾಕುವ ಗ್ರೋವರ್ ಫೀಡ್ ಅಥವಾ ಮೊಟ್ಟೆಯಿಡದ ಕೋಳಿಗಳಿಗೆಂದು ಮಾಡಿದ ಫೀಡ್, ಶೇಕಡ 14ರಿಂದ 16 ಪ್ರೋಟೀನ್ ಇರುವುದು, ಸರಿಯಾದದ್ದು. ಮಧ್ಯಮ ಗಾತ್ರದ ಹುಂಜ ದಿನಕ್ಕೆ ಸುಮಾರು 120 ಗ್ರಾಂ ತಿನ್ನುತ್ತದೆ, ದೊಡ್ಡ ತಳಿಗಳು 150ರವರೆಗೆ. ನೀರು ತೂಕದಲ್ಲಿ ಮೇವಿನ ಎರಡು ಪಟ್ಟು, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಬರೀ ಕಾಳು ಹಾಕಿ ಸಾಕಿದರೆ ಹೊಟ್ಟೆಯೊಳಗೆ ಕೊಬ್ಬು ತುಂಬುತ್ತದೆ. ಕಾಳು ಒಟ್ಟು ಮೇವಿನ ಹತ್ತನೇ ಒಂದು ಪಾಲು ದಾಟದಿರಲಿ. ಕಪ್ಪೆಚಿಪ್ಪಿನ ಪುಡಿ ಬೇಡವೇ ಬೇಡ. ಕಾಳು ಅರೆಯಲು ಸಣ್ಣ ಹರಳುಕಲ್ಲು ಬೇಕು.

ಗುಂಪಿನಲ್ಲಿ ಕೆಳಗಿರುವ ಹುಂಜ ತಿನ್ನುತ್ತಿದೆಯೇ ಎಂದು ತಿಳಿಯಲು ಹಗಲಿನ ನೋಟ ಸಾಲದು, ಗರಿ ಮೋಸ ಮಾಡುತ್ತದೆ. ವಾರಕ್ಕೊಮ್ಮೆ ಕತ್ತಲಾದ ಮೇಲೆ ಕೋಲಿನ ಮೇಲೆ ಕೂತವನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ಕುತ್ತಿಗೆಯ ಬುಡದ ಬಲಬದಿಯಲ್ಲಿ ಮೇವುಚೀಲ ತುಂಬಿ ಗಟ್ಟಿಯಾಗಿರಬೇಕು. ಎದೆಮೂಳೆಯ ಎರಡೂ ಬದಿ ಮಾಂಸ ಉಬ್ಬಿರಬೇಕು, ಮೂಳೆ ಕತ್ತಿಯಂತೆ ಕೈಗೆ ಸಿಕ್ಕಿದರೆ ಆ ಹುಂಜ ವಾರಗಳಿಂದ ಹಸಿದಿದೆ. ಅದೇ ಹೊತ್ತಿಗೆ ರೆಕ್ಕೆಯಡಿ, ಗುದದ ಸುತ್ತ ಹೇನು ಹುಡುಕಿ, ಪಾದದ ಅಡಿ ನೋಡಿ, ಕತ್ತಿನ ಹಿಂಭಾಗದ ಚರ್ಮ ನೋಡಿ. ಮೈಗೆ ಮಣ್ಣು ಹೊಯ್ದುಕೊಳ್ಳಲು ಒಣ ಮಣ್ಣು, ಮರಳು ತುಂಬಿದ, ಮಳೆ ಬೀಳದ ಎರಡು ಗುಂಡಿಗಳಿದ್ದರೆ ಹೇನಿನ ಕಾಟ ತಗ್ಗಲು ನೆರವಾಗುತ್ತದೆ. ಒಂದೇ ಗುಂಡಿಯಾದರೆ ಅದೂ ಮೇಲಿನದರ ಪಾಲು.

ಕತ್ತಿನ ಹಿಂಭಾಗ ಎಂದೆನಲ್ಲ, ಅದಕ್ಕೆ ಕಾರಣವಿದೆ. ಹೇಂಟೆಯಿಲ್ಲದ ಗುಂಪಿನಲ್ಲಿ ಮೇಲಿನ ಹುಂಜಗಳು ಕೆಳಗಿನದರ ಮೇಲೆ ಏರುವುದುಂಟು. ಅಪರೂಪಕ್ಕೊಮ್ಮೆ ನಡೆದರೆ ಅದು ಸರದಿ ತೋರಿಸುವ ಬಗೆ, ಚಿಂತೆ ಬೇಡ. ಒಂದೇ ಹುಂಜದ ಕತ್ತು, ಬೆನ್ನು ಬೋಳಾಗುತ್ತಿದ್ದರೆ ಮಾತು ಬೇರೆ. ಬೋಳು ಚರ್ಮ ಬೇಗ ಗಾಯವಾಗುತ್ತದೆ, ರಕ್ತ ಕಂಡ ಕಡೆ ಉಳಿದವೂ ಕುಕ್ಕತೊಡಗುತ್ತವೆ. ಏರುತ್ತಿರುವುದು ಯಾವುದೆಂದು ಗುರುತಿಸಿ ಅದನ್ನು ಹೊರಗಿಡಬೇಕು.

ಗುಂಪಿನ ಕಷ್ಟದ ಕಾಲ ನಾಲ್ಕನೆಯ ತಿಂಗಳಿಂದ ಎಂಟನೆಯ ತಿಂಗಳವರೆಗೆ. ನಿನ್ನೆಯವರೆಗೆ ಒಟ್ಟಿಗೆ ಮಲಗುತ್ತಿದ್ದವು ಇದ್ದಕ್ಕಿದ್ದಂತೆ ಕತ್ತಿನ ಗರಿ ನಿಗುರಿಸಿ, ಮೂಗಿಗೆ ಮೂಗು ಹಿಡಿದು ನಿಲ್ಲುತ್ತವೆ. ಹಾರಿ ಎದೆಗೆ ಒದೆಯುತ್ತವೆ. ಅರ್ಧ ನಿಮಿಷದಲ್ಲಿ ಒಂದು ತಿರುಗಿ ನಡೆದರೆ ಕೈ ಹಾಕಬೇಡಿ. ಪ್ರತಿಯೊಂದು ಜಗಳವನ್ನೂ ಬಿಡಿಸುವವರ ಗುಂಪಿನಲ್ಲಿ ಸರದಿ ಎಂದೂ ತೀರ್ಮಾನವಾಗುವುದಿಲ್ಲ, ಅದೇ ಜಗಳ ಮರುದಿನ ಮತ್ತೆ ಶುರು. ನಡುವೆ ಬರಬೇಕಾದದ್ದು ಮೂರು ಸಂದರ್ಭದಲ್ಲಿ: ಒಂದು ಇನ್ನೊಂದರ ಜುಟ್ಟು ಕಚ್ಚಿ ಹಿಡಿದು ಒದೆಯುತ್ತಿದ್ದರೆ, ಸೋತು ಓಡಿದ್ದನ್ನು ಮರೆಯಾದ ಮೇಲೂ ಹುಡುಕಿಕೊಂಡು ಹೋಗಿ ಹೊಡೆಯುತ್ತಿದ್ದರೆ, ಇಬ್ಬರ ಜಗಳಕ್ಕೆ ಮೂರನೆಯದು ಸೇರಿ ಒಂದನ್ನೇ ಹೊಡೆಯುತ್ತಿದ್ದರೆ. ಬರಿಗೈ ಹಾಕದೆ ಅಗಲವಾದ ಹಲಗೆಯೊಂದನ್ನು ನಡುವೆ ಇಳಿಸಿ.

ಆಮೇಲೆ ಯಾವುದನ್ನು ಹೊರಗೆ ತೆಗೆಯಬೇಕು? ಕರುಣೆಯಿಂದ ನಮ್ಮ ಕೈ ಹೋಗುವುದು ಏಟು ತಿಂದದ್ದರ ಕಡೆಗೆ. ಗಾಯ ದೊಡ್ಡದಾಗಿದ್ದರೆ ಬೇರೆ ದಾರಿಯಿಲ್ಲ. ಗಾಯವಿಲ್ಲದಿದ್ದರೆ ಹೊರಗೆ ಹೋಗಬೇಕಾದದ್ದು ಹೊಡೆದದ್ದು. ಏಟು ತಿಂದದ್ದನ್ನು ವಾರ ಬಿಟ್ಟು ಮರಳಿ ಬಿಟ್ಟರೆ ಅದಕ್ಕಿದ್ದ ಜಾಗವೂ ಹೋಗಿರುತ್ತದೆ. ಹೊಡೆದದ್ದನ್ನು ಮೂರು ನಾಲ್ಕು ದಿನ, ಬೇಲಿಯೊಳಗೇ ಜಾಲರಿ ಪಂಜರದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರೆ, ಮರಳುವಾಗ ಸ್ವಲ್ಪ ತಗ್ಗಿಯೇ ಬರುತ್ತದೆ.

ಹುಂಜಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆಯಿಂದ, ಅದರಲ್ಲೂ ಜುಟ್ಟು ಮತ್ತು ಗಲ್ಲದಡಿಯ ಜೋಲಿನಿಂದ. ಜುಟ್ಟು ಊದಿಕೊಂಡು ಆಕಾರ ಬದಲಾದ ಹುಂಜ ಹಳೆಯ ಗೆಳೆಯರ ಕಣ್ಣಿಗೂ ಹೊಸಬನಂತೆ ಕಾಣಬಹುದು. ಎರಡು ವಾರಕ್ಕಿಂತ ಹೆಚ್ಚು ಕಾಲ ಕಣ್ಣಿಗೆ ಬೀಳದ್ದನ್ನು ಹೊಸಬನೆಂದೇ ಎಣಿಸಿ ಸೇರಿಸುವುದು ಕ್ಷೇಮ. ಚಿಕಿತ್ಸೆಗೆಂದು ಬೇರೆ ಇಟ್ಟದ್ದನ್ನು ಸಹ ಆದಷ್ಟು ಗುಂಪಿಗೆ ಕಾಣುವಂತೆಯೇ ಇಡಬೇಕು.

ಹೊರಗಿನಿಂದ ತಂದ ಹುಂಜವನ್ನು ಮೊದಲು 30 ದಿನ ದೂರದಲ್ಲಿ, ಬೇರೆ ಪಾತ್ರೆ, ಬೇರೆ ಚಪ್ಪಲಿಯೊಂದಿಗೆ ಸಾಕಿ ರೋಗವಿಲ್ಲವೆಂದು ನೋಡಿಕೊಳ್ಳಬೇಕು. ಆಮೇಲೆ ಮೂರು ನಾಲ್ಕು ವಾರ ಜಾಲರಿಯ ಆಚೆ ಈಚೆ. ಮೊದಲ ದಿನಗಳಲ್ಲಿ ಜಾಲರಿಯ ಕೆಳಗಿನ ಎರಡು ಅಡಿಗೆ ಮರೆ ಕಟ್ಟಿ, ನಿಧಾನವಾಗಿ ತೆಗೆಯಿರಿ. ಜಾಲರಿಯ ಬಳಿ ಎರಡೂ ಕಡೆಯವು ತಲೆ ಬಗ್ಗಿಸಿ ಮೇಯತೊಡಗಿದರೆ ಕಾಲ ಬಂದಿದೆ. ಒಂಟಿ ಹೊಸಬನಿಗಿಂತ ಇಬ್ಬರನ್ನು ಒಟ್ಟಿಗೆ ಬಿಡುವುದು ಮೇಲು, ಏಟು ಹಂಚಿಹೋಗುತ್ತದೆ. ಬಿಡುವುದು ಎಲ್ಲರಿಗೂ ಹೊಸದಾದ ತೆರೆದ ಜಾಗದಲ್ಲಿ. ಅದಾಗದಿದ್ದರೆ ಬಿಡುವ ಮುಂಚೆ ಮರೆಗಳನ್ನು, ಪಾತ್ರೆಗಳನ್ನು ಬೇರೆ ಬೇರೆ ಕಡೆಗೆ ಸರಿಸಿ, ಹಳಬರಿಗೂ ಜಾಗ ಹೊಸದೆನಿಸಲಿ. ರಾತ್ರಿ ಕದ್ದು ಕೋಲಿನ ಮೇಲೆ ಕೂರಿಸಿದರೆ ಬೆಳಿಗ್ಗೆ ಹೊಂದಿಕೊಳ್ಳುತ್ತವೆ ಎಂಬ ಸಲಹೆ ಹೇಂಟೆಗಳಲ್ಲಿ ಕೆಲವೊಮ್ಮೆ ನಡೆದೀತು. ಹುಂಜಗಳಲ್ಲಿ ಬೇಡ. ಮುಚ್ಚಿದ ಗೂಡಿನಲ್ಲಿ, ನೀವು ಏಳುವ ಮುಂಚೆ, ಹೊಸಬನಿಗೆ ಓಡಲು ಜಾಗವಿಲ್ಲದ ಹೊತ್ತಿನಲ್ಲಿ ಬೆಳಗಾಗುತ್ತದೆ.

ಹುಂಜದ ಕಾಲಿನ ಹಿಂಬದಿಯಲ್ಲಿ ಬೆಳೆಯುವ ಕಾಲುಮುಳ್ಳಿನ ಬಗ್ಗೆ ಒಂದು ಮಾತು. ಅದರ ಒಳಗೆ ಕಾಲಿಗೆ ಅಂಟಿದ ಜೀವಂತ ಮೂಳೆಯಿದೆ, ಹೊರಗಿನದು ಉಗುರಿನಂಥ ಕವಚ. ತುದಿಯ ಚೂಪನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಬೇಕು, ಎರಡು ತಿಂಗಳಿಗೊಮ್ಮೆ, ಎಲ್ಲ ಹುಂಜಗಳಿಗೂ ಒಂದೇ ದಿನ. ಬುಡದವರೆಗೆ ಕತ್ತರಿಸಿದರೆ ರಕ್ತ ನಿಲ್ಲುವುದು ಕಷ್ಟ. ಬಿಸಿ ಆಲೂಗಡ್ಡೆ ಚುಚ್ಚಿ ಕವಚ ಕಳಚುವ ವಿಧಾನ ಒಳಗಿನ ಮೂಳೆಯನ್ನು ಬರಿದು ಮಾಡಿ ನೋಯಿಸುತ್ತದೆ, ಅದನ್ನು ಯಾರಿಗೂ ಹೇಳಿಕೊಡಬೇಡಿ. ರಕ್ತ ಬಂದರೆ ಮೆಕ್ಕೆಜೋಳದ ಹಿಟ್ಟನ್ನೋ (ಕಾರ್ನ್‌ಫ್ಲೋರ್) ರಕ್ತ ನಿಲ್ಲಿಸುವ ಪುಡಿಯನ್ನೋ ಒತ್ತಿ ಹಿಡಿದು, ಪೂರ್ತಿ ನಿಂತು ಒಣಗಿದ ಮೇಲೆಯೇ ಗುಂಪಿಗೆ ಬಿಡಿ.

ಕೂಗು ಈ ಸಾಕಣೆಯ ದೊಡ್ಡ ಅಡ್ಡಿ. ಒಂದು ಕೂಗಿದರೆ ಎಲ್ಲ ಕೂಗುತ್ತವೆ. ಮನೆಗಳು ಒತ್ತಾಗಿರುವ ಕಡೆ ಶುರುಮಾಡುವ ಮುಂಚೆಯೇ ನೆರೆಯವರ ಒಪ್ಪಿಗೆ, ಸ್ಥಳೀಯ ನಿಯಮ ಎರಡನ್ನೂ ವಿಚಾರಿಸಿಕೊಳ್ಳಿ. ಹುಂಜದ ಕೂಗಿಗೆ ಒಳಗಿನ ಗಡಿಯಾರವಿದೆ, ಬೆಳಕು ಕಾಣದಿದ್ದರೂ ಮುಂಜಾವಿಗೆ ಮುಂಚೆ ಕೂಗುತ್ತದೆ ಎಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಹಾಗಾಗಿ ಗೂಡನ್ನು ಕತ್ತಲಾಗಿಸಿದರೆ ಸದ್ದು ತಗ್ಗಬಹುದೇ ಹೊರತು ನಿಲ್ಲುವುದಿಲ್ಲ. ಕತ್ತಿಗೆ ಕಟ್ಟುವ ಪಟ್ಟಿಗಳು ಉಸಿರುಗಟ್ಟಿಸಿ ಕೊಲ್ಲಬಲ್ಲವು, ಅವನ್ನು ಬಳಸಬಾರದು. 2015ರಲ್ಲಿ ಅದೇ ಸಂಶೋಧಕರು ಇನ್ನೊಂದು ಸಂಗತಿ ಕಂಡರು: ಗುಂಪಿನಲ್ಲಿ ಮೊದಲು ಕೂಗುವುದು ಮೇಲಿನ ಹುಂಜ, ಉಳಿದವು ಸರದಿಯ ಪ್ರಕಾರವೇ ಅದನ್ನು ಹಿಂಬಾಲಿಸುತ್ತವೆ. ಒಂದೊಂದರ ದನಿ ಗುರುತು ಸಿಕ್ಕಿದ ಮೇಲೆ ಹಾಸಿಗೆಯಲ್ಲೇ ಕಿವಿಗೊಟ್ಟು ಗುಂಪಿನ ಸ್ಥಿತಿ ತಿಳಿಯಬಹುದು. ಮೊದಲ ಕೂಗು ಬೇರೆ ದನಿಯದ್ದಾದರೆ ಆ ದಿನ ಬೇಲಿಯ ಬಳಿ ಹೆಚ್ಚು ಹೊತ್ತು ನಿಲ್ಲಿ. ಮೇಲಿನದಕ್ಕೆ ಹುಷಾರಿಲ್ಲದಿರಬಹುದು, ಗರಿ ಉದುರುವ ಕಾಲ ಬಂದು ಜುಟ್ಟು ಕುಗ್ಗಿರಬಹುದು, ಇಲ್ಲವೇ ಕೆಳಗಿನದೊಂದು ಏರಿರಬಹುದು. ಹಗಲು ಉದ್ದವಾಗುತ್ತಾ ಹೋಗುವ ತಿಂಗಳುಗಳಲ್ಲಿ ಇಂಥ ಬದಲಾವಣೆ ಹೆಚ್ಚು. ಗೂಡಿಗೆ ದೀಪ ಹಾಕಿ ಹಗಲನ್ನು ನಾವೇ ಉದ್ದ ಮಾಡುವುದು ತಪ್ಪು.

ಇಷ್ಟೆಲ್ಲ ಮಾಡಿದರೂ ಗುಂಪಿಗೆ ಒಗ್ಗದ ಹುಂಜ ಇದ್ದೇ ಇರುತ್ತದೆ. ಎರಡು ಸಲ ಹೊರಗಿಟ್ಟು ಸೇರಿಸಿದರೂ ಅದೇ ಬೇಟೆ ಮುಂದುವರಿದರೆ ಮೂರನೆಯ ಪ್ರಯತ್ನ ಬೇಡ. ಅದಕ್ಕೆ ಗುಂಪಿನ ಪಕ್ಕದಲ್ಲೇ, ಜಾಲರಿ ಗೋಡೆಯ, ತಲೆಯೆತ್ತರಕ್ಕೆ ಮರೆ ಕಟ್ಟಿದ ಬೇರೆ ಗೂಡು ಕೊಡಿ. 40 ಚದರ ಅಡಿಗೆ ಕಡಿಮೆಯಿಲ್ಲದ ಅಂಗಳ, ಅದರದ್ದೇ ಮಣ್ಣಿನ ಗುಂಡಿ ಇರಲಿ. ಸಂಜೆ ಗುಂಪು ಗೂಡು ಸೇರಿದ ಮೇಲೆ ಕತ್ತಲಾಗುವವರೆಗೆ ದೊಡ್ಡ ಬೇಲಿಯೊಳಗೆ ಅದು ಒಂದೇ ಮೇಯಲಿ. ಜೊತೆ ಬೇಕೆನಿಸಿದರೆ ಗುಂಪಿನಲ್ಲಿ ಯಾರಿಗೂ ಎದುರು ನಿಲ್ಲದ ಸಮಾಧಾನದ ಹುಂಜವೊಂದನ್ನು ಮೊದಲು ಜಾಲರಿಯ ಪಕ್ಕ, ಆಮೇಲೆ ಹಗಲಿನಲ್ಲಿ ಗಂಟೆ ಎರಡು ಗಂಟೆ ಜೊತೆಗೆ ಬಿಟ್ಟು ನೋಡಬಹುದು. ಆದರೆ ಆ ಜೋಡಿಯನ್ನು ರಾತ್ರಿ ಒಟ್ಟಿಗೆ ಮುಚ್ಚುವುದು, ತಿಂಗಳಾದರೂ ರಕ್ತವಿಲ್ಲದೆ ಕಳೆದ ಮೇಲೆ.